ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಹೆಚ್ಚು ಬಲದ್ದೋ, ಹೆಚ್ಚು ಹೊತ್ತು ಕೂರಬಹುದಾದದ್ದೋ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಮನೆಮಂದಿಯೆಲ್ಲ ಕೂರುವ ಸಾಧಾರಣ ಹ್ಯಾಚ್‌ಬ್ಯಾಕ್ ಕಾರುಗಳನ್ನೇ ಓಡಿಸಿಕೊಂಡು ಬಂದ ನಾನು ಈಗ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಹೊಸದನ್ನು ಕೊಳ್ಳುವಷ್ಟು ಹಣ ಕೂಡಿಲ್ಲ. ಕೂಡಿದ್ದರೂ ಬಹುಶಃ ಕೊಳ್ಳುತ್ತಿರಲಿಲ್ಲ, ಏಕೆಂದರೆ ಮೊದಲ ನಾಲ್ಕೈದು ವರ್ಷಗಳಲ್ಲಿ ಬೆಲೆ ಕಡಿದಾಗಿ ಇಳಿಯುವ ನಷ್ಟವನ್ನು ಇನ್ನೊಬ್ಬರು ಹೊತ್ತ ಮೇಲೆ ಅದೇ ಕಾರನ್ನು ಕೊಳ್ಳುವುದರಲ್ಲಿ ನನಗೆ ಕೊರತೆಯೇನೂ ಕಾಣುವುದಿಲ್ಲ.

ನನ್ನ ಕೈಯಲ್ಲಿರುವ ಮೊತ್ತಕ್ಕೆ ಮೂರು ಕಾರುಗಳು ಹತ್ತಿರಹತ್ತಿರ ಒಂದೇ ಬೆಲೆಗೆ ಬಂದು ನಿಲ್ಲುತ್ತಿವೆ. ಮೊದಲನೆಯದು ನಾಲ್ಕೈದು ವರ್ಷ ಹಳೆಯ ಮಾಜ್ದಾ ಎಂಎಕ್ಸ್-5, 184 ಅಶ್ವಶಕ್ತಿಯ 2 ಲೀಟರ್ ಎಂಜಿನ್ನಿನದು. ಎರಡನೆಯದು ಅದಕ್ಕಿಂತ ಹಳೆಯದಾದರೂ ಹೊಸದಿದ್ದಾಗ ಅದಕ್ಕಿಂತ ಬಹಳ ದುಬಾರಿಯಾಗಿದ್ದ ಪೋರ್ಷೆ ಕೇಮನ್, ಅಂದರೆ 2013ರಿಂದ 2016ರವರೆಗೆ ತಯಾರಾದ, 981 ಎಂದು ಕರೆಯಲಾಗುವ ತಲೆಮಾರಿನದು. ಅದರಲ್ಲಿ 2.7 ಲೀಟರ್ ಎಂಜಿನ್ನಿನ ಸಾಮಾನ್ಯ ಮಾದರಿಗೆ 275 ಅಶ್ವಶಕ್ತಿ, 3.4 ಲೀಟರಿನ ಎಸ್ ಮಾದರಿಗೆ 325. ಮೂರನೆಯದು 330ರ ಆಸುಪಾಸಿನ ಅಶ್ವಶಕ್ತಿಯಿರುವ ನಿಸ್ಸಾನ್ 370ಝೆಡ್. ಒಂದೇ ಹಣಕ್ಕೆ 184 ಮತ್ತು 330 ಎಂಬ ಎರಡು ಅಂಕಿಗಳು ಎದುರಿಗಿದ್ದಾಗ ಮನಸ್ಸು ಎತ್ತ ವಾಲುತ್ತದೆಂದು ನಾನು ಹೇಳಬೇಕಾಗಿಲ್ಲ.

ಬಳಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ವಾರಕ್ಕೆರಡು ದಿನ ಕೆಲಸಕ್ಕೆ ಹೋಗಿಬರುವುದು, ತಿಂಗಳಿಗೊಮ್ಮೆ ಪತ್ನಿಯೊಂದಿಗೆ ನಾಲ್ಕೈದು ಗಂಟೆಗಳ ಪ್ರಯಾಣ, ಬಿಡುವಾದಾಗ ಬೆಳಗಿನ ಜಾವ ತಿರುವುಗಳಿರುವ ಖಾಲಿ ರಸ್ತೆ. ನನ್ನ ಎತ್ತರ ಆರಡಿ ಒಂದಂಗುಲ. ಸೊಂಟದ ಡಿಸ್ಕಿನ ಹಳೆಯ ತೊಂದರೆಯೊಂದಿದೆ. ಇಂಥ ಕಾರುಗಳನ್ನು ವರ್ಷಗಟ್ಟಲೆ ಇಟ್ಟುಕೊಂಡವರ ಅನುಭವ ತಿಳಿಯಬೇಕೆಂಬುದು ನನ್ನ ಕೋರಿಕೆ.

ಹಗುರಗಾಡಿ:

ನಮಸ್ಕಾರ. ಅಶ್ವಶಕ್ತಿಯ ಅಂಕಿಯನ್ನು ಒಂಟಿಯಾಗಿ ನೋಡಬೇಡಿ, ಅದು ಎಷ್ಟು ಭಾರವನ್ನು ಎಳೆಯುತ್ತಿದೆ ಎಂಬುದನ್ನೂ ಜೊತೆಗಿಟ್ಟು ನೋಡಿ. ಎಂಎಕ್ಸ್-5ರ ತೂಕ ಒಂದು ಟನ್ನಿಗಿಂತ ತುಸು ಹೆಚ್ಚಷ್ಟೆ, 370ಝೆಡ್ ಸುಮಾರು ಒಂದೂವರೆ ಟನ್. ಟನ್ನಿಗೆ ಇಷ್ಟು ಎಂದು ಭಾಗಿಸಿದರೆ 184ಕ್ಕೂ 330ಕ್ಕೂ ನಡುವೆ ಕಾಣುತ್ತಿದ್ದ ಅಂತರ 175ಕ್ಕೂ 220ಕ್ಕೂ ನಡುವಿನ ಅಂತರವಾಗಿ ಕುಗ್ಗುತ್ತದೆ. ಭಾರದ ಪರಿಣಾಮ ವೇಗ ಹೆಚ್ಚಿಸುವಾಗ ಮಾತ್ರ ಕಾಣುವಂಥದ್ದಲ್ಲ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ದಿಕ್ಕು ಬದಲಿಸಿದಾಗ, ಟಯರ್ ಸವೆಯುವಾಗ, ಇಂಧನ ತುಂಬಿಸುವಾಗ, ಪ್ರತಿ ಸಲವೂ ಆ ನಾನೂರು ಚಿಲ್ಲರೆ ಕಿಲೋ ತನ್ನ ಪಾಲನ್ನು ಕೇಳುತ್ತದೆ.

ಬಲವನ್ನು ಎಲ್ಲಿ ಬಳಸುತ್ತೀರಿ ಎಂಬುದು ಇನ್ನೊಂದು ಪ್ರಶ್ನೆ. ಎಂಎಕ್ಸ್-5ರ ಎಂಜಿನ್ನನ್ನು ಎರಡನೇ ಗೇರಿನಲ್ಲಿ ನಿಮಿಷಕ್ಕೆ 7,500 ಸುತ್ತಿನ ಕೆಂಪು ಗೆರೆಯವರೆಗೆ ಏರಿಸಿ, ಮೂರನೆಯದಕ್ಕೆ ಹಾಕುವ ಸಂತೋಷ ಸಾರ್ವಜನಿಕ ರಸ್ತೆಯ ವೇಗಮಿತಿಯೊಳಗೆ ಅಥವಾ ಅದರ ಅಂಚಿನಲ್ಲೇ ಸಿಗುತ್ತದೆ. ಹೆಚ್ಚು ಬಲದ ಕಾರಿನಲ್ಲಿ ಅದೇ ಕೆಲಸ ಮಾಡಲು ಹೊರಟರೆ ಎರಡನೇ ಗೇರು ಮುಗಿಯುವಷ್ಟರಲ್ಲಿ ಕಾಲು ತೆಗೆಯಬೇಕಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಎಂಎಕ್ಸ್-5ರ ಈ ತಲೆಮಾರು 2015ರಲ್ಲಿ ಬಂದಾಗ 2 ಲೀಟರ್ ಎಂಜಿನ್ನಿಗಿದ್ದದ್ದು 160 ಅಶ್ವಶಕ್ತಿ. 2018ರಲ್ಲಿ ಅದನ್ನು 184ಕ್ಕೆ ಏರಿಸಿದಾಗಲೇ, ಸ್ಟೀರಿಂಗನ್ನು ಮೇಲೆ ಕೆಳಗೆ ಮಾತ್ರವಲ್ಲದೆ ನಮ್ಮ ಕಡೆಗೂ ಎಳೆದುಕೊಳ್ಳುವ ಅನುಕೂಲವನ್ನು ಕೊಟ್ಟರು. ನಿಮ್ಮ ಎತ್ತರಕ್ಕೆ ಈ ಎರಡನೆಯ ಬದಲಾವಣೆಯೇ ಹೆಚ್ಚು ಮುಖ್ಯ, ಆದ್ದರಿಂದ ಅದಕ್ಕಿಂತ ಹಳೆಯದನ್ನು ನೋಡುವ ಶ್ರಮವೇ ಬೇಡ. ಆರಂಭದ ವರ್ಷಗಳ ಗೇರ್ ಬಾಕ್ಸ್ ಬಗ್ಗೆ ದೂರುಗಳೂ ಇದ್ದವು, ಆಮೇಲೆ ಒಳಭಾಗಗಳನ್ನು ಬಲಪಡಿಸಿದರು.

ಆರು ಸಿಲಿಂಡರ್:

ಹಗುರಗಾಡಿ ಅವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಿಂಗಳಿಗೊಮ್ಮೆ ಇಬ್ಬರು ಕೂತು ನಾಲ್ಕೈದು ಗಂಟೆ ಪ್ರಯಾಣ ಮಾಡುವವರು ಎಂಬುದನ್ನು ಅವರು ಮರೆತಂತಿದೆ. ನಾನು ಏಳು ವರ್ಷಗಳಿಂದ ಕೇಮನ್ ಇಟ್ಟುಕೊಂಡಿದ್ದೇನೆ. ಎಂಜಿನ್ ಸೀಟುಗಳ ಹಿಂದೆ, ಹಿಂಚಕ್ರಗಳ ಅಚ್ಚಿಗಿಂತ ಮುಂದೆ ಇರುವುದರಿಂದ ಭಾರವೆಲ್ಲ ಕಾರಿನ ನಡುವೆ ಕೂಡಿಕೊಂಡಿದೆ. ಸ್ಟೀರಿಂಗ್ ತಿರುಗಿಸಿದಾಗ ಮೂಗು ತಡವಿಲ್ಲದೆ ತಿರುಗುತ್ತದೆ, ಹಿಂಭಾಗ ಅದರ ಹಿಂದೆಯೇ ಬರುತ್ತದೆ. ಮುಂದೆ 150 ಲೀಟರ್, ಹಿಂದೆ 275 ಲೀಟರ್, ಹೀಗೆ ಎರಡು ಡಿಕ್ಕಿಗಳಿವೆ. ಎಂಎಕ್ಸ್-5ರಲ್ಲಿ ಸಿಗುವುದು ಸುಮಾರು 130 ಲೀಟರ್. ಇಬ್ಬರು ಮೂರು ದಿನದ ಬಟ್ಟೆ ಕಟ್ಟಿಕೊಂಡು ಹೊರಟಾಗ ಈ ವ್ಯತ್ಯಾಸದ ಅರ್ಥ ತಿಳಿಯುತ್ತದೆ.

ತಲೆಮಾರುಗಳ ವಿಷಯದಲ್ಲಿ ಸ್ವಲ್ಪ ವಿವರ ಕೊಡುತ್ತೇನೆ, ಏಕೆಂದರೆ ಬೆಲೆ ಕಡಿಮೆಯಿದೆಯೆಂದು ಹಿಂದಿನದಕ್ಕೆ ಇಳಿಯುವ ಆಸೆ ಯಾರಿಗಾದರೂ ಆಗುತ್ತದೆ. 981ಕ್ಕಿಂತ ಹಿಂದಿನದು 987. ಅದರಲ್ಲಿ 2008ರವರೆಗಿನ ಎಂಜಿನ್ನುಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ನಡುವಿನ ದಂಡವೊಂದಿದೆ, ಅದರ ಬೇರಿಂಗ್ ಹಾಳಾದರೆ ಇಡೀ ಎಂಜಿನ್ನೇ ಹೋಗುತ್ತದೆ. ಕೊನೆಯ ವರ್ಷಗಳಲ್ಲಿ ಹಾಕಿದ ದೊಡ್ಡ ಬೇರಿಂಗ್ ಮೊದಲಿನದಕ್ಕಿಂತ ಗಟ್ಟಿಯಾದದ್ದು, ಆದರೆ ಬದಲಿಸಬೇಕೆಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕು. ಅದೇ ಕಾಲದ 3.4 ಲೀಟರ್ ಎಂಜಿನ್ನಿನಲ್ಲಿ ಸಿಲಿಂಡರಿನ ಒಳಗೋಡೆ ಗೀರುಬೀಳುವ ತೊಂದರೆಯೂ ಉಂಟು. 2009ರ ಮಾದರಿಯಿಂದ ಹೊಸ ಎಂಜಿನ್ ಬಂತು, ಅದರಲ್ಲಿ ಆ ನಡುದಂಡವೇ ಇಲ್ಲ. 981ರಲ್ಲಿರುವುದು ಈ ಹೊಸ ಕುಟುಂಬದ ಎಂಜಿನ್. ಅದರ ನಂತರ 2016ರಲ್ಲಿ ಬಂದ 718ರ ಸಾಮಾನ್ಯ ಮತ್ತು ಎಸ್ ಮಾದರಿಗಳಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ನುಗಳಿವೆ. ಅವು ವೇಗವಾಗಿವೆ, ಆದರೆ ಆರು ಸಿಲಿಂಡರಿನ ದನಿಯನ್ನು ಒಮ್ಮೆ ಕೇಳಿದವರಿಗೆ ಅವು ಒಗ್ಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಉದ್ದಬಾನೆಟ್:

ಎಲ್ಲರೂ 370ಝೆಡ್ ಕಾರನ್ನು ಭಾರದ ಒಂದೇ ಮಾತಿನಲ್ಲಿ ಬದಿಗೆ ಸರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. 3.7 ಲೀಟರಿನ, ಟರ್ಬೊ ಇಲ್ಲದ ಆರು ಸಿಲಿಂಡರ್ ಎಂಜಿನ್, ಹಿಂಚಕ್ರ ಚಾಲನೆ, ಗೇರು ಇಳಿಸುವಾಗ ಎಂಜಿನ್ನಿನ ಸುತ್ತನ್ನು ತಾನೇ ಹೊಂದಿಸಿಕೊಡುವ ಮ್ಯಾನ್ಯುಯಲ್ ಗೇರ್ ಬಾಕ್ಸ್, ಇಷ್ಟೆಲ್ಲವನ್ನೂ ಈ ಬೆಲೆಗೆ ಇನ್ನಾವ ಕಾರೂ ಕೊಡುವುದಿಲ್ಲ. ಬಿಡಿಭಾಗಗಳು ಪೋರ್ಷೆಯವುಗಳಿಗಿಂತ ಬಹಳ ಅಗ್ಗ. ನನ್ನ ಕಾರಿನ ಕೊರತೆಗಳನ್ನೂ ಮುಚ್ಚಿಡುವುದಿಲ್ಲ. ಒರಟು ರಸ್ತೆಯಲ್ಲಿ ಟಯರಿನ ಸದ್ದು ಒಳಗೆ ಬಹಳ ಕೇಳಿಸುತ್ತದೆ, ಹಿಂದಕ್ಕೆ ನೋಡುವ ಕಿಟಕಿ ಕಿರಿದು, ಕ್ಲಚ್ಚನ್ನು ದ್ರವದ ಒತ್ತಡದಿಂದ ತಳ್ಳುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸ್ ಕವಚದ ಒಳಗಿರುವುದರಿಂದ ಅದು ಸೋರತೊಡಗಿದರೆ ಗೇರ್ ಬಾಕ್ಸನ್ನೇ ಇಳಿಸಬೇಕು. ಹೆದ್ದಾರಿಯಲ್ಲಿ ಮಾತ್ರ ಇದು ಆಯಾಸವಿಲ್ಲದೆ ಓಡುವ ಕಾರು. ಒಮ್ಮೆ ಓಡಿಸಿ ನೋಡದೆ ಕೈಬಿಡಬೇಡಿ.

ಕೈಮಸಿ:

ಇಪ್ಪತ್ತೆರಡು ವರ್ಷಗಳಿಂದ ಇಂಥ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡುತ್ತಿರುವವನ ಮಾತೆಂದು ಇದನ್ನು ಓದಿ. ಮೂವರೂ ತಮ್ಮ ತಮ್ಮ ಕಾರಿನ ಬಗ್ಗೆ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಬೆಲೆಯ ಮಾತು ಇನ್ನೂ ಸರಿಯಾಗಿ ಬಂದಿಲ್ಲ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎಂಎಕ್ಸ್-5ರ ಬೆಲೆಗೇ ಕೇಮನ್ ಸಿಕ್ಕಿದೆಯೆಂದು ಅದರ ಬ್ರೇಕ್ ಡಿಸ್ಕ್, ಶಾಕ್ ಅಬ್ಸಾರ್ಬರ್, ರೇಡಿಯೇಟರ್‌ಗಳೂ ಎಂಎಕ್ಸ್-5ರ ಬೆಲೆಗೆ ಸಿಗುವುದಿಲ್ಲ. ಅವು ಆ ಕಾರು ಹೊಸದಿದ್ದಾಗಿನ ದರ್ಜೆಗೆ ತಕ್ಕಂತೆಯೇ ಉಳಿಯುತ್ತವೆ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿದು ಬಂದವರು ಮೊದಲ ರಿಪೇರಿಯ ಪಟ್ಟಿ ಕಂಡಾಗ ಮೂಗಿಗಿಂತ ಮೂಗುತಿ ಭಾರವಾಯಿತೆಂದು ನೊಂದುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಟ್ಟು ಹಣದಲ್ಲಿ ಐದನೆಯ ಒಂದು ಪಾಲನ್ನು ಮುಟ್ಟದೆ ತೆಗೆದಿಟ್ಟು, ಉಳಿದ ನಾಲ್ಕು ಪಾಲಿಗೆ ಯಾವ ಕಾರು ಬರುತ್ತದೋ ಅದನ್ನು ನೋಡಿ ಎಂಬುದು ನನ್ನ ಮೊದಲ ಸಲಹೆ.

ಎರಡನೆಯದು ಓಡಿದ ದೂರದ ವಿಷಯ. ಕಡಿಮೆ ಓಡಿದ ಕಾರೇ ಒಳ್ಳೆಯದೆಂಬ ನಂಬಿಕೆ ಸ್ಪೋರ್ಟ್ಸ್ ಕಾರುಗಳ ಮಟ್ಟಿಗೆ ಅರ್ಧ ಮಾತ್ರ ನಿಜ. ಹತ್ತು ವರ್ಷದಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಕಾರು ಬಹುಕಾಲ ನಿಂತೇ ಇತ್ತು ಎಂದಾಯಿತು. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಶ್‌ಗಳು ಗಡುಸಾಗುತ್ತವೆ, ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟಯರಿನ ಗೀಟುಗಳು ಹೊಸದರಂತೆ ಕಂಡರೂ ರಬ್ಬರ್ ಹಿಡಿತ ಕಳೆದುಕೊಂಡಿರುತ್ತದೆ. ಟಯರಿನ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿಗಳನ್ನು ಓದಿ, 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರ್ ಓಡಿ, ಪ್ರತಿ ಸಲವೂ ಕಾಲಕ್ಕೆ ಸರಿಯಾಗಿ ಆಯಿಲ್ ಬದಲಾಗಿರುವ, ಅದಕ್ಕೆ ಬಿಲ್ಲುಗಳಿರುವ ಕಾರನ್ನು ನಾನು ಕಡಿಮೆ ಓಡಿದ ಕಾರಿಗಿಂತ ಮೇಲೆಂದು ಎಣಿಸುತ್ತೇನೆ, ಅದರಲ್ಲೂ ಅದು ಅಗ್ಗಕ್ಕೆ ಸಿಗುವುದರಿಂದ.

ನೋಡಲು ಹೋಗುವ ಮುನ್ನ, ತಾವು ಬರುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಹೇಳಿಡಿ, ಹೋದ ಕೂಡಲೇ ಬಾನೆಟ್ ಮೇಲೋ ಎಗ್ಸಾಸ್ಟ್ ಕೊಳವೆಯ ಬಳಿಯೋ ಕೈಯಿಟ್ಟು ನೋಡಿ. ಸವೆದ ಎಂಜಿನ್ ತನ್ನ ಗುಟ್ಟನ್ನು ತಣ್ಣಗಿದ್ದಾಗ ಬಿಟ್ಟುಕೊಡುತ್ತದೆ, ಬಿಸಿಯಾದ ಮೇಲೆ ಅಡಗಿಸಿಕೊಳ್ಳುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಒಳಸೇರುತ್ತಿದೆ. ಕೇಮನ್ನಿನಂತೆ ಸಿಲಿಂಡರುಗಳು ಅಡ್ಡ ಮಲಗಿರುವ ಎಂಜಿನ್ನಿನಲ್ಲಿ ಮಾತ್ರ ತಣ್ಣನೆಯ ಮೊದಲ ಚಾಲನೆಗೆ ಒಂದು ಚಿಟಿಕೆ ಹೊಗೆ ಬಂದು ನಿಂತರೆ ಗಾಬರಿ ಬೇಡ, ರಾತ್ರಿಯೆಲ್ಲ ಗೋಡೆಗೆ ನಿಂತ ಆಯಿಲ್ ಅದು. ಓಡಿಸುವಾಗ ನಾಲ್ಕನೇ ಗೇರಿನಲ್ಲಿ ನಿಧಾನ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಕಾರಿನ ವೇಗ ಏರದೆ ಎಂಜಿನ್ನಿನ ಸುತ್ತು ಮಾತ್ರ ಏರಿದರೆ ಕ್ಲಚ್ ಮುಗಿದಿದೆ. ಎರಡನೇ ಗೇರಿಗೆ ಹಾಕುವಾಗ ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ.

ಕೊನೆಯದಾಗಿ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಇಲ್ಲವೆಂದು ನೋಡಿ ಸುಮ್ಮನಾಗಬೇಡಿ, ಹೊಗೆ ನಿಯಂತ್ರಣದ ಸ್ವಪರೀಕ್ಷೆಗಳು ಪೂರ್ಣಗೊಂಡಿವೆಯೇ ಎಂದೂ ನೋಡಿಸಿ. ಅವು 'ಸಿದ್ಧವಿಲ್ಲ' ಎಂದು ತೋರಿಸಿದರೆ ಯಾರೋ ಇತ್ತೀಚೆಗೆ ಕೋಡುಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ಎಂಜಿನ್ ಓಡಿದ ಒಟ್ಟು ಗಂಟೆಗಳನ್ನೂ, ಮಿತಿಮೀರಿ ಸುತ್ತಿದ ಸಂದರ್ಭಗಳನ್ನೂ ದಾಖಲಿಸಿಕೊಂಡಿರುತ್ತದೆ. ಅವುಗಳ ಪ್ರತಿಯನ್ನು ಕೇಳಿ ಪಡೆಯಿರಿ.

ದೂರದಾರಿ:

ಎಲ್ಲರಿಗೂ ಕೃತಜ್ಞತೆಗಳು. ಕೈಮಸಿ ಅವರೇ, ತಮ್ಮ ಬರಹವನ್ನು ಅಚ್ಚು ಹಾಕಿಸಿ ಜೊತೆಯಲ್ಲಿಟ್ಟುಕೊಂಡಿದ್ದೇನೆ. ಕಳೆದ ಮೂರು ವಾರಗಳಲ್ಲಿ ಮೂರು ಕಾರುಗಳನ್ನೂ ಓಡಿಸಿದೆ.

ಎಂಎಕ್ಸ್-5 ನನಗೆ ಮೊದಲ ತಿರುವಿನಲ್ಲೇ ಇಷ್ಟವಾಯಿತು. ಗೇರಿನ ಹಿಡಿ ಬೆರಳ ತುದಿಗೆ ಓಗೊಡುತ್ತದೆ, ಕಾರು ಮೈಗೆ ತೊಟ್ಟ ಅಂಗಿಯಂತೆ ಅನ್ನಿಸುತ್ತದೆ. ಆದರೆ ಸ್ಟೀರಿಂಗನ್ನು ಪೂರ್ತಿ ಎಳೆದುಕೊಂಡು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ ಮೇಲೂ ಮೊಣಕಾಲು ಮಡಚಿಯೇ ಇತ್ತು. ಮಡಚುವ ಮಾಡನ್ನು ಮುಚ್ಚಿದಾಗ ತಲೆಗೆ ಜಾಗವೂ ಅಷ್ಟಕ್ಕಷ್ಟೆ. ನಲವತ್ತು ನಿಮಿಷಗಳ ನಂತರ ಸೊಂಟ ಮಾತಾಡತೊಡಗಿತು. 370ಝೆಡ್‌ನ ಎಂಜಿನ್ ಉದ್ದಬಾನೆಟ್ ಅವರು ಹೇಳಿದಂತೆಯೇ ಇದೆ, ಆದರೆ ರಸ್ತೆಯ ಸದ್ದಿನ ನಡುವೆ ಪತ್ನಿಯೊಂದಿಗೆ ಮಾತನಾಡಲು ದನಿ ಏರಿಸಬೇಕಾಯಿತು. ಕೇಮನ್ ಎಸ್ ಓಡಿಸಿ ಇಳಿದಾಗ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ನನಗೆ ಬೇಕಾದದ್ದು ಅದೇ ಎಂದು ಅನ್ನಿಸಿತು. ಅದು 48,000 ಕಿಲೋಮೀಟರ್ ಓಡಿದೆ, 20 ಅಂಗುಲದ ಚಕ್ರಗಳಿವೆ, ಬೆಲೆ ನನ್ನ ಪೂರ್ತಿ ಮೊತ್ತಕ್ಕೆ ಸರಿಯಾಗುತ್ತದೆ. ಚಿಕ್ಕ ಗುಂಡಿಗಳ ಮೇಲೆ ಹೋದಾಗ ಬೆನ್ನಿಗೆ ಸ್ವಲ್ಪ ಬಡಿದಂತಾಯಿತು, ಅದನ್ನು ಸಹಿಸಬಹುದೆಂದುಕೊಂಡಿದ್ದೇನೆ.

ಮೂರನೇ ಗೇರು:

ದೂರದಾರಿ ಅವರೇ, 'ಸಹಿಸಬಹುದು' ಎಂಬ ನಿಮ್ಮ ಕೊನೆಯ ಮಾತು ಓದಿ ಬರೆಯಲೇಬೇಕೆನ್ನಿಸಿತು. ನನಗೂ ಬೆನ್ನಿನ ತೊಂದರೆಯಿದೆ, ನಾನೂ ಒಮ್ಮೆ ಹಾಗೆಯೇ ಅಂದುಕೊಂಡು ಗಡುಸಾದ ಕೂಪೆಯೊಂದನ್ನು ಕೊಂಡಿದ್ದೆ. ಅರ್ಧ ಗಂಟೆಯ ಟೆಸ್ಟ್ ಡ್ರೈವಿನಲ್ಲಿ ಮೈಯೆಲ್ಲ ಉತ್ಸಾಹ ತುಂಬಿರುವುದರಿಂದ ನೋವು ಹಿಂದೆ ಸರಿದಿರುತ್ತದೆ. ಎರಡನೆಯ ತಿಂಗಳಿಂದ ನಾನು ಆ ಕಾರಿನ ಬದಲು ಮನೆಯ ಹಳೆಯ ಕಾರಿನ ಕೀಲಿಯನ್ನೇ ಕೈಗೆತ್ತಿಕೊಳ್ಳತೊಡಗಿದೆ, ಎಂಟನೆಯ ತಿಂಗಳಲ್ಲಿ ಅದನ್ನು ನಷ್ಟಕ್ಕೆ ಮಾರಿದೆ. ಅಷ್ಟು ಆಸೆಪಟ್ಟು ಕೊಂಡ ಕಾರು ಕಣ್ಣೆದುರಿಗೆ ನಿಂತಿದ್ದೂ ಓಡಿಸಲು ಮನಸ್ಸಾಗದೆ ಹೋದದ್ದು ನನಗೆ ಇಂದಿಗೂ ಬೇಸರದ ವಿಷಯ.

ಆಮೇಲೆ ಕಲಿತದ್ದನ್ನು ಹೇಳುತ್ತೇನೆ. ಸಸ್ಪೆನ್ಷನ್ನಿನ ಗಡಸುತನ ಎಂದು ನಾವು ಹೇಳುವುದರಲ್ಲಿ ಬಹುಪಾಲು ಚಕ್ರದ ಗಾತ್ರದ್ದು. ನೀವು ನೋಡಿದ ಕಾರಿನ ಮುಂದಿನ ಟಯರ್ 235/35 ಅಳತೆಯ 20 ಅಂಗುಲದ್ದಾಗಿರಬೇಕು. ಅದೇ ಕೇಮನ್ 18 ಅಂಗುಲದ ಚಕ್ರದಲ್ಲಿ 235/45 ಟಯರಿನೊಂದಿಗೆ ಬರುತ್ತದೆ. ಲೆಕ್ಕ ಹಾಕಿದರೆ ಟಯರಿನ ಪಕ್ಕದ ಗೋಡೆ ಮೊದಲನೆಯದರಲ್ಲಿ ಸುಮಾರು 82 ಮಿಲಿಮೀಟರ್, ಎರಡನೆಯದರಲ್ಲಿ ಸುಮಾರು 106. ರಸ್ತೆಯ ಏಟನ್ನು ಮೊದಲು ತಾಳಿಕೊಳ್ಳುವುದು ಆ ರಬ್ಬರ್ ಗೋಡೆ, ಉಳಿದದ್ದು ಸ್ಪ್ರಿಂಗಿಗೆ, ಅದೂ ತಡೆಯದೆ ಬಿಟ್ಟದ್ದು ನಿಮ್ಮ ಸೊಂಟಕ್ಕೆ. ಮೇಲಾಗಿ 18 ಅಂಗುಲದ ಟಯರ್ ಅಗ್ಗ, ಗುಂಡಿಗೆ ಬಿದ್ದರೆ ಚಕ್ರ ಡೊಂಕಾಗುವ ಭಯವೂ ಕಡಿಮೆ.

ಸೀಟಿನ ವಿಷಯದಲ್ಲಿ ಮಾರುವವರ ಮುಂದೆ ಸಂಕೋಚ ಬೇಡ. ಕಾರು ನಿಂತಿರುವಾಗಲೇ ಒಂದು ಗಂಟೆ ಅದರಲ್ಲಿ ಕೂತುಕೊಳ್ಳುತ್ತೇನೆಂದು ಕೇಳಿ. ಪೆಡಲುಗಳು ಸೀಟಿನ ನೇರಕ್ಕಿವೆಯೇ, ಇಲ್ಲ ಕಾಲನ್ನು ಒಂದು ಪಕ್ಕಕ್ಕೆ ಸೊಟ್ಟಗೆ ಚಾಚಬೇಕೇ ಎಂದು ಗಮನಿಸಿ, ಸೊಂಟದ ತಿರುಚು ಅಲ್ಲಿಂದಲೇ ಶುರುವಾಗುತ್ತದೆ. ಕ್ಲಚ್ಚನ್ನು ಐವತ್ತು ಸಲ ತುಳಿದು ನೋಡಿ. ಹತ್ತು ಸಲ ಹತ್ತಿ ಇಳಿಯಿರಿ. ನಿಮ್ಮ ಪತ್ನಿಯವರನ್ನೂ ಕೂರಿಸಿ, ಪ್ರಯಾಣದಲ್ಲಿ ಸ್ಟೀರಿಂಗಿನ ಆಸರೆ ಇಲ್ಲದೆ ಕೂರಬೇಕಾದವರು ಅವರು.

ಹಗುರಗಾಡಿ:

ಮೂರನೇ ಗೇರು ಮೇಡಂ ಹೇಳಿದ್ದು ಅಕ್ಷರಶಃ ನಿಜ. ಎಂಎಕ್ಸ್-5 ಮೈಗೆ ಹೊಂದದಿದ್ದ ಮೇಲೆ ಅದರ ಪರವಾಗಿ ನಾನು ಇನ್ನೇನೂ ವಾದಿಸುವುದಿಲ್ಲ. ಆದರೂ ಎಸ್ ಮಾದರಿಯೇ ಏಕೆ ಎಂದು ಕೇಳುತ್ತೇನೆ. 2.7 ಲೀಟರಿನ ಸಾಮಾನ್ಯ ಕೇಮನ್ ತೂಕದಲ್ಲಿ 1,330 ಕಿಲೋ ಆಸುಪಾಸಿನದು, ಟನ್ನಿಗೆ ಇನ್ನೂರಕ್ಕೂ ಹೆಚ್ಚು ಅಶ್ವಶಕ್ತಿ ಬರುತ್ತದೆ. ನೀವು ಈಗ ಓಡಿಸುತ್ತಿರುವ ಹ್ಯಾಚ್‌ಬ್ಯಾಕಿನಿಂದ ಬಂದವರಿಗೆ ಅದೇ ದೊಡ್ಡ ನೆಗೆತ.

ಆರು ಸಿಲಿಂಡರ್:

ಎಸ್ ಕೊಂಡವನಾಗಿ ನಾನು ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಕಡಿಮೆ ಸುತ್ತಿನಲ್ಲಿ 3.4 ಎಂಜಿನ್ ಎಳೆಯುವ ರೀತಿಯೇ ಬೇರೆ, ಏರುದಾರಿಯಲ್ಲಿ ಗೇರು ಬದಲಿಸದೆಯೇ ಸಾಗಬಹುದು. 2.7ರಿಂದ ಅದೇ ಕೆಲಸ ಪಡೆಯಲು ಒಂದು ಗೇರು ಕೆಳಗಿಳಿಸಿ ಎಂಜಿನ್ನನ್ನು ಓಡಿಸಬೇಕಾಗುತ್ತದೆ. ಈ ಕಾರಿನ ಗೇರುಗಳು ಉದ್ದವಾಗಿರುವುದರಿಂದ, ಅಂದರೆ ಒಂದೊಂದು ಗೇರೂ ಹೆಚ್ಚಿನ ವೇಗದವರೆಗೆ ಓಡುವಂಥದ್ದಾಗಿರುವುದರಿಂದ, ಆ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಆದರೆ ಕೈಮಸಿ ಅವರು ಹೇಳಿದ ಐದನೆಯ ಪಾಲು ಎಸ್‌ಗಾಗಿ ಖರ್ಚಾಗಿಹೋಗುವುದಾದರೆ ನಾನೂ 2.7 ಎಂದೇ ಹೇಳುವೆ. ಬೋಲ್ಟು ಬಿಗಿಯುವುದಕ್ಕೂ ಯೋಚಿಸಬೇಕಾದ ಸ್ಥಿತಿಯಲ್ಲಿ ಎಸ್ ಇಟ್ಟುಕೊಂಡವರಿಗೆ ಅದರ ಸುಖ ಸಿಗುವುದಿಲ್ಲ.

ದೂರದಾರಿ:

ಆ ಕೇಮನ್ ಎಸ್ ಕಾರಿಗೆ ಸ್ಕ್ಯಾನರ್ ಹಾಕಿಸಿದೆ. ದೋಷದ ಕೋಡ್ ಒಂದೂ ಇರಲಿಲ್ಲ, ಆದರೆ ಸ್ವಪರೀಕ್ಷೆಗಳಲ್ಲಿ ಎರಡು 'ಸಿದ್ಧವಿಲ್ಲ' ಎಂದು ತೋರಿಸಿದವು. ಒಟ್ಟು ಎಂಜಿನ್ ಗಂಟೆಗಳು 2,400. ಹಿಂದಿನ ಟಯರುಗಳೆರಡೂ ಬೇರೆ ಬೇರೆ ತಯಾರಿಕೆಯವು, ಮುಂದಿನವು ಎಂಟು ವರ್ಷ ಹಳೆಯವು. ಎರಡೂ ಸಲ ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಮಾರುವವರು ಇದು ಹೆದ್ದಾರಿಯಲ್ಲೇ ಓಡಿದ ಕಾರು, ಟಯರಿನ ಬಾಬ್ತು ಬೆಲೆ ತಗ್ಗಿಸುತ್ತೇನೆ ಎನ್ನುತ್ತಾರೆ. ಮನಸ್ಸು ಇನ್ನೂ ಅದರ ಮೇಲೇ ಇದೆ. ತಮ್ಮ ಸಲಹೆ ಬೇಕು.

ಕೈಮಸಿ:

ಕಿಲೋಮೀಟರನ್ನು ಗಂಟೆಗಳಿಂದ ಭಾಗಿಸಿ ನೋಡಿ. 48,000ಕ್ಕೆ 2,400 ಎಂದರೆ ಸರಾಸರಿ ವೇಗ ಗಂಟೆಗೆ 20 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡಿದ ಕಾರಿನ ಸರಾಸರಿ ಎಂದೂ ಅಷ್ಟಿರುವುದಿಲ್ಲ. ಒಂದೋ ಅದು ವಾಹನದಟ್ಟಣೆಯಲ್ಲಿ ತೆವಳಿದ ಕಾರು, ಹಾಗಿದ್ದರೆ ಕ್ಲಚ್ಚಿನ ಆಯುಸ್ಸು ಓಡೋಮೀಟರ್ ಹೇಳುವುದಕ್ಕಿಂತ ಬಹಳ ಹೆಚ್ಚು ಕಳೆದಿದೆ, ಇಲ್ಲವೇ ಓಡೋಮೀಟರಿನ ಅಂಕಿಯೇ ನಿಜವಲ್ಲ. ಎರಡರಲ್ಲಿ ಯಾವುದಾದರೂ ಮಾರುವವರ ಮಾತಿಗೂ ಕಾರಿನ ದಾಖಲೆಗೂ ತಾಳೆಯಾಗುವುದಿಲ್ಲ. ಟಯರಿನ ಮಟ್ಟಿಗೆ ಬೆಲೆ ತಗ್ಗಿಸುವುದು ಸುಲಭ, ಏಕೆಂದರೆ ಅದು ಕಣ್ಣಿಗೆ ಕಾಣುವ ಖರ್ಚು. ಒಂದೇ ಅಚ್ಚಿಗೆ ಎರಡು ಬಗೆಯ ಟಯರ್ ಹಾಕಿ ಓಡಿಸಿದವರು ಕಣ್ಣಿಗೆ ಕಾಣದ ಆಯಿಲ್, ಕೂಲೆಂಟ್, ಬ್ರೇಕ್ ದ್ರವದ ಬಗ್ಗೆ ಹೆಚ್ಚು ಕಾಳಜಿ ತೋರಿರುತ್ತಾರೆಂದು ನಾನು ನಂಬಲಾರೆ. ಇದನ್ನು ಬಿಟ್ಟುಬಿಡಿ. ಮನಸ್ಸು ಅದರ ಮೇಲಿರುವುದು ಆ ಮಾದರಿಯ ಗುಣದಿಂದ, ಅಂಥ ಕಾರು ಇನ್ನೊಂದು ಸಿಗುತ್ತದೆ.

ದೂರದಾರಿ:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಆ ಕಾರನ್ನು ಬಿಟ್ಟ ಮೇಲೆ ಇನ್ನೂ ನಾಲ್ಕು ಕೇಮನ್‌ಗಳನ್ನು ನೋಡಿದೆ. ನಿನ್ನೆ ಕೊಂಡುತಂದದ್ದು 2014ರ, 2.7 ಲೀಟರಿನ, ಆರು ಗೇರಿನ ಮ್ಯಾನ್ಯುಯಲ್ ಕಾರು. 92,000 ಕಿಲೋಮೀಟರ್ ಓಡಿದೆ. ಕಾರು ಇಷ್ಟು ಓಡಿದೆಯೆಂಬ ಒಂದೇ ಕಾರಣಕ್ಕೆ ಐದಾರು ಮಂದಿ ನೋಡದೆಯೇ ಬಿಟ್ಟುಹೋಗಿದ್ದರಂತೆ. ಗಂಟೆಗಳು 2,100, ಅಂದರೆ ಸರಾಸರಿ ವೇಗ 44ರ ಹತ್ತಿರ. ಮಿತಿಮೀರಿದ ಸುತ್ತಿನ ದಾಖಲೆಯಲ್ಲಿ ಕಳವಳಪಡುವಂಥದ್ದೇನೂ ಇಲ್ಲ. ಮೊದಲ ದಿನದಿಂದ ಇಂದಿನವರೆಗಿನ ಸರ್ವಿಸ್ ಬಿಲ್ಲುಗಳನ್ನು ಇಬ್ಬರು ಮಾಲೀಕರೂ ಒಂದೇ ಕಡತದಲ್ಲಿ ಕ್ರಮವಾಗಿ ಜೋಡಿಸಿಟ್ಟಿದ್ದಾರೆ, ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಾದದ್ದೂ ಅದರಲ್ಲಿದೆ. ತಣ್ಣಗಿದ್ದ ಎಂಜಿನ್ನನ್ನು ನಾನೇ ಚಾಲೂ ಮಾಡಿದೆ. ಚಕ್ರಗಳು 18 ಅಂಗುಲದವು.

ಮೂರನೇ ಗೇರು ಮೇಡಂ, ತಾವು ಹೇಳಿದಂತೆ ನಿಂತ ಕಾರಿನಲ್ಲಿ ಒಂದು ಗಂಟೆ ಕೂತೆ, ಮಾರುವವರು ಬೇಸರಿಸದೆ ತಾವೂ ಪಕ್ಕದ ಸೀಟಿನಲ್ಲಿ ಕೂತು ಕಾರಿನ ಕಥೆಯನ್ನೆಲ್ಲ ಹೇಳಿದರು. ಪತ್ನಿಯೂ ಕೂತು ನೋಡಿ ಒಪ್ಪಿದರು. ನಿನ್ನೆ ಮೂರೂವರೆ ಗಂಟೆ ಓಡಿಸಿಕೊಂಡು ಬಂದೆ, ಸೊಂಟ ನೋಯಲಿಲ್ಲ. ಏರುದಾರಿಯಲ್ಲಿ ಆರು ಸಿಲಿಂಡರ್ ಅವರ ಮಾತು ನೆನಪಾಯಿತು, ಒಂದು ಗೇರು ಕೆಳಗಿಳಿಸಬೇಕಾಗುತ್ತದೆ ನಿಜ. ಇಳಿಸಿದಾಗ ಬೆನ್ನ ಹಿಂದಿನಿಂದ ಬರುವ ಆ ದನಿಗಾಗಿ ನಾನು ಅಗತ್ಯವಿಲ್ಲದ ಕಡೆಯೂ ಇಳಿಸಿದೆ.

ಎಸ್‌ಗಾಗಿ ಕೊಡಬೇಕಿದ್ದ ಹಣದಲ್ಲಿ ಕಾಲುಭಾಗಕ್ಕೂ ಹೆಚ್ಚು ಉಳಿದಿದೆ. ಕೈಮಸಿ ಅವರೇ, ಅದರಲ್ಲಿ ಮೊದಲು ಏನನ್ನು ಮಾಡಿಸಲಿ? ಹಿಂದಿನ ಟಯರುಗಳು ಆರು ವರ್ಷ ಹಳೆಯವು, ಮುಂದಿನವು ನಾಲ್ಕು. ಮುಂದಿನವನ್ನು ಹಿಂದಕ್ಕೆ ಹಾಕಿ ಒಂದು ಜೊತೆಯನ್ನಷ್ಟೇ ಕೊಳ್ಳಬಹುದೇ?

ಕೈಮಸಿ:

ಒಳ್ಳೆಯ ಕಾರನ್ನು ಕೊಂಡಿದ್ದೀರಿ, ಸಂತೋಷವಾಯಿತು. ಮುಂದಿನವನ್ನು ಹಿಂದಕ್ಕೆ ಹಾಕಲಾಗದು, ಈ ಕಾರಿನಲ್ಲಿ ಮುಂದಿನದು 235 ಅಗಲ, ಹಿಂದಿನದು 265. ನಾಲ್ಕನ್ನೂ ಒಟ್ಟಿಗೆ, ಪೋರ್ಷೆ ಒಪ್ಪಿದ ಒಂದೇ ಬಗೆಯವನ್ನು ಹಾಕಿಸಿ. ಅದಕ್ಕೆ ಮೊದಲು ಸಸ್ಪೆನ್ಷನ್ ತೋಳುಗಳ ಬುಶ್‌ಗಳನ್ನು ಪರೀಕ್ಷಿಸಿ, ಸವೆದವುಗಳನ್ನು ಬದಲಿಸಿ, ಆಮೇಲೆ ಟಯರ್, ಕೊನೆಗೆ ಚಕ್ರಗಳ ಅಲೈನ್‌ಮೆಂಟ್. ಈ ಕ್ರಮ ತಪ್ಪಿದರೆ ಅಲೈನ್‌ಮೆಂಟನ್ನು ಎರಡು ಸಲ ಮಾಡಿಸಬೇಕಾಗುತ್ತದೆ. ಬಿಲ್ಲಿನಲ್ಲಿ ಯಾವ ದಿನಾಂಕವಿದ್ದರೂ ಎಂಜಿನ್ ಆಯಿಲನ್ನು ಈಗಲೇ ಒಮ್ಮೆ ಬದಲಿಸಿಬಿಡಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗೆ ಲೋಹದ ಚೂರುಗಳಿವೆಯೇ ಎಂದು ನೋಡಿಸಿ. ಕಾರು ಲಿಫ್ಟಿನ ಮೇಲಿರುವಾಗಲೇ ಮುಂದಿನ ಬಂಪರ್ ಬಿಚ್ಚಿಸಿ, ರೇಡಿಯೇಟರುಗಳ ಮುಂದೆ ಸಿಕ್ಕಿಕೊಂಡಿರುವ ಎಲೆ, ಕಸವನ್ನೆಲ್ಲ ತೆಗೆಸಿ. ಬಂಪರಿನ ಎರಡು ಮೂಲೆಗಳಲ್ಲಿರುವ ಆ ಗಾಳಿಬಾಯಿಗಳಲ್ಲಿ ಕಸ ತೇವ ಹಿಡಿದು ಕೂತರೆ ರೇಡಿಯೇಟರೂ ಎಸಿ ಕಂಡೆನ್ಸರೂ ತುಕ್ಕುಹಿಡಿದು ಸೋರುತ್ತವೆ. ತೆಗೆಸಿದ ಮೇಲೆ ಫೋಟೊ ಹಾಕಿ, ಕಂಡೆನ್ಸರಿನ ಕೆಳಅಂಚು ಹೇಗಿದೆಯೆಂದು ನೋಡಿ ಹೇಳುತ್ತೇನೆ.